ಎರಡು ಪಾಲಿನ ಒಲೆ

ನಮ್ಮ ಪತ್ರಿಕೆಯ ಎರಡನೇ ಪುಟದಲ್ಲಿ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಇಳಿಯುವ ಕಾಲಂ ನನ್ನದು. ಅದರ ಹೆಸರು 'ಇಂದಿನ ನೋವು'. ಹನ್ನೊಂದು ವರ್ಷದಿಂದ ನಾನೇ ಅದನ್ನು ಜೋಡಿಸುತ್ತಿದ್ದೇನೆ. ಯಾರ ಮನೆಯಲ್ಲಿ ಎಷ್ಟು ಗಂಟೆಗೆ ಯಾವ ನೋವು ಬರಲಿದೆ ಎಂಬುದನ್ನು ಹಿಂದಿನ ಸಂಜೆ ಐದರೊಳಗೆ ನಮ್ಮ ಕೌಂಟರಿಗೆ ತಿಳಿಸಬೇಕು. ಉದಾಹರಣೆಗೆ: 'ಗಾಣದ ಬೀದಿ, ಚನ್ನವೀರಯ್ಯನವರ ಒಲೆ. ಪಾಲು ಆರು. ಬೆಳಿಗ್ಗೆ 10.30. ದವಡೆ ಹಲ್ಲು ಕೀಳುವುದು. ಹತ್ತು ನಿಮಿಷ.' ಚನ್ನವೀರಯ್ಯನವರ ಮಗ ಲೈನ್‌ಮನ್. ಇದನ್ನು ಓದಿ ಅವನು ಹತ್ತೂಕಾಲಿಗೇ ಕಂಬದಿಂದ ಇಳಿದು ನೆರಳಿನಲ್ಲಿ ಕೂರುತ್ತಾನೆ. ಸೊಸೆ ಎಣ್ಣೆ ಬಾಣಲೆಯನ್ನು ಕೆಳಗಿಳಿಸುತ್ತಾಳೆ. ಮೊಮ್ಮಗಳು ಶಾಲೆಯಲ್ಲಿ ಮೇಷ್ಟ್ರಿಗೆ ಪತ್ರಿಕೆಯ ತುಂಡು ತೋರಿಸಿ ಡೆಸ್ಕಿನ ಮೇಲೆ ತಲೆಯಿಡುತ್ತಾಳೆ. ಆರು ಮಂದಿ ಹಂಚಿಕೊಂಡರೆ ಒಂದು ಹಲ್ಲು ದೊಡ್ಡ ವಿಷಯವಲ್ಲ.

ಒಂದು ಒಲೆಯಲ್ಲಿ ಬೆಂದದ್ದನ್ನು ಮೂರು ದಿನ ಉಂಡವರು ಆ ಒಲೆಯ ಪಾಲಿನವರು. ಮೂರು ದಿನ ಬೇರೆ ಕಡೆ ಉಂಡರೆ ಪಾಲು ಅಲ್ಲಿಗೆ ಹೋಗುತ್ತದೆ. ವಿದ್ಯಾರ್ಥಿ ನಿಲಯದಲ್ಲಿ ನೂರಿಪ್ಪತ್ತು ಮಂದಿ ಒಂದೇ ಅಡುಗೆ ಉಣ್ಣುವುದರಿಂದ ಅಲ್ಲಿನ ಹುಡುಗರಿಗೆ ತಲೆನೋವು ಎಂದರೆ ಏನೆಂದು ಸರಿಯಾಗಿ ತಿಳಿದಿಲ್ಲ. ಸೊಸೆಗೆ ಒಂಬತ್ತು ತಿಂಗಳು ತುಂಬುತ್ತಿದ್ದಂತೆ ಕೆಲವು ಅತ್ತೆಯರಿಗೆ ತೀರ್ಥಯಾತ್ರೆಯ ನೆನಪಾಗುತ್ತದೆ. ಅಂಥವರಿಗಾಗಿ ನಮ್ಮೂರಿನಿಂದ ಪ್ರತ್ಯೇಕ ಬಸ್ಸೇ ಇದೆ. ರಸ್ತೆಗಳಿಗೆಲ್ಲ ಕರಿಬಂಡೆ ಹಾಸಿರುವುದರಿಂದ ಬೇಸಿಗೆಯಲ್ಲಿ ಹನ್ನೊಂದರಿಂದ ಐದರವರೆಗೆ ಯಾರೂ ಬರಿಗಾಲಿನಲ್ಲಿ ಇಳಿಯುವುದಿಲ್ಲ. ಮರೆತು ಇಳಿದರೆ ಅವರ ಮನೆಯವರು ಇದ್ದಲ್ಲೇ ಕುಣಿಯುತ್ತಾರೆ. ಸಂತೆಯ ನಡುವೆ ಇದ್ದಕ್ಕಿದ್ದಂತೆ ಒಂಟಿ ಕಾಲಿನಲ್ಲಿ ನಿಂತವರನ್ನು ಕಂಡು ನಗುವವರು ಊರಿಗೆ ಹೊಸಬರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಒಂದು ತಪ್ಪು ಮಾಡಿದೆ. ಹತ್ತೂವರೆ ಎಂದಿದ್ದನ್ನು ಹನ್ನೊಂದೂವರೆ ಎಂದು ಅಚ್ಚು ಮಾಡಿಸಿದೆ. ತೆಂಗಿನ ಮರ ಹತ್ತುವ ಒಬ್ಬಾತ ತನ್ನ ತಂಗಿಯ ಹಲ್ಲಿಗೆ ಮರದಿಂದ ಬಿದ್ದ. ಎರಡು ಪಕ್ಕೆಲುಬು ಮುರಿಯಿತು. ಅವನ ಮನೆಯ ಐದು ಮಂದಿ ನಲವತ್ತು ದಿನ ಮಗ್ಗುಲು ಹಿಡಿದುಕೊಂಡೇ ಓಡಾಡಿದರು. ಅಂದಿನಿಂದ ಕೌಂಟರಿಗೆ ಬಂದ ಯಾರನ್ನೇ ಆಗಲಿ ಸಮಯವನ್ನು ಎರಡು ಸಲ ಕೇಳುತ್ತೇನೆ.

ನಮ್ಮ ಒಲೆಯಲ್ಲಿ ಐದು ಪಾಲಿದ್ದವು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಾರೆ. ಬಸವಂತಪ್ಪ ಎಂದರೆ ತಿಳಿಯುವುದಿಲ್ಲ, ವಾಚಪ್ಪ ಎಂದರೆ ಊರಿಗೆಲ್ಲ ಗೊತ್ತು. ಅಮ್ಮ ಗೌರಮ್ಮ, ಅಪ್ಪನ ಅಪ್ಪ ನಮ್ಮ ಅಜ್ಜ, ನಾನು, ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ ದಾಕ್ಷಾಯಿಣಿ. ಅವಳು ಹದಿನೆಂಟಕ್ಕೆ ಸರ್ವೇ ಕಚೇರಿ ಸೇರಿದಳು. ನಿವೇಶನಗಳ ನಕ್ಷೆ ಬರೆಯುವ ಕೆಲಸ. ದಿನವೂ ಹನ್ನೊಂದರ ಸುಮಾರಿಗೆ ಕೈವಾರದ ಮುಳ್ಳನ್ನು ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು. ಐದರಲ್ಲಿ ಒಂದು ಪಾಲು ಎಂದರೆ ಇರುವೆ ಕಚ್ಚಿದಷ್ಟು. ಅಂಗಡಿಯಲ್ಲಿ ಅಪ್ಪ ಬೆರಳು ಕೊಡವಿ, ದಾಕ್ಷಿ ಕೆಲಸ ಶುರು ಮಾಡಿದಳು, ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ನೋವು ಪಾಲಾಗುವಂತೆಯೇ ಮಾತ್ರೆಯ ಗುಣವೂ ಪಾಲಾಗುತ್ತದೆ. ಒಬ್ಬರು ನುಂಗಿದರೆ ಒಲೆಗೆಲ್ಲ ತಟ್ಟುತ್ತದೆ. ಅದಕ್ಕಾಗಿ ಪ್ರತಿ ಮನೆಯಲ್ಲೂ ನುಂಗುವವರು ಒಬ್ಬರಿರುತ್ತಾರೆ. ಹಳಬರ ಹೊಟ್ಟೆ ತಡೆಯುವುದಿಲ್ಲ, ಮಕ್ಕಳಿಗೆ ಕೊಡುವಂತಿಲ್ಲ. ಹಾಗಾಗಿ ಹದಿನೆಂಟು ದಾಟಿದ, ಇನ್ನೂ ಮದುವೆಯಾಗದ ಗಟ್ಟಿಮುಟ್ಟಾದವರಿಗೆ ಆ ಕೆಲಸ ಬೀಳುತ್ತದೆ. ನೀರು ತುಂಬುವುದು, ಹಿಟ್ಟು ಬೀಸಿಸಿಕೊಂಡು ಬರುವುದು ಇದ್ದಂತೆ ಇದೂ ಒಂದು ಮನೆಗೆಲಸ.

ಅಜ್ಜನಿಗೆ ಮೂಳೆಯ ಕಾಯಿಲೆ ಎಂದು ಗೊತ್ತಾದಾಗ ನನಗೆ ಇಪ್ಪತ್ತಾರು, ದಾಕ್ಷಿಗೆ ಹತ್ತೊಂಬತ್ತು. ಐದು ಪಾಲು ಮಾಡಿದರೂ ಆ ನೋವು ಮುಗಿಯುವಂಥದ್ದಲ್ಲ. ಅಮ್ಮ ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಡಾಕ್ಟರು ಬಲವಾದ ಮಾತ್ರೆ ಬರೆದುಕೊಟ್ಟರು. ಯಾರು ನುಂಗಬೇಕು ಎಂಬ ಮಾತು ಬಂದಾಗ ಅಪ್ಪ ಮೊದಲು ನನ್ನ ಕಡೆ ನೋಡಿದರು. ಆ ಮಾತ್ರೆಗೆ ನಿದ್ದೆ ಬರುತ್ತದೆ, ನಿದ್ದೆ ಮಾತ್ರ ಪಾಲಾಗುವುದಿಲ್ಲ, ನಾನು ಪ್ರೂಫ್ ನೋಡಬೇಕು ಎಂದೆ. ಮೂರೂ ನಿಜವೇ.

"ಕೊಡಿ ಇಲ್ಲಿ, ನಾನು ನುಂಗ್ತೀನಿ. ಇವನು ತೂಕಡಿಸ್ಕೊಂಡು ಇನ್ನೊಬ್ಬನ್ನ ತೆಂಗಿನ ಮರದಿಂದ ಬೀಳ್ಸೋದು ಬೇಡ" ಎಂದಳು ದಾಕ್ಷಿ. ಅಜ್ಜನೂ ನಕ್ಕರು. ನಕ್ಕರೆ ಅವರ ಪಕ್ಕೆ ನೋಯುತ್ತಿತ್ತು. ಐವರೂ ಪಕ್ಕೆ ಹಿಡಿದುಕೊಂಡೆವು.

ಹದಿನಾಲ್ಕು ತಿಂಗಳು ಅವಳು ನುಂಗಿದಳು. ಅಜ್ಜ ಬೆಳಗಿನ ಕಾಫಿ ಕುಡಿದು, ಲೋಟವನ್ನು ತಾವೇ ಕೆಳಗಿಟ್ಟು ತೀರಿಕೊಂಡರು. ಸುಖದ ಸಾವು ಎಂದರು ಬಂದವರೆಲ್ಲ. ಡಾಕ್ಟರು ಮಾತ್ರೆ ಬರೆಯುವುದನ್ನು ನಿಲ್ಲಿಸಿದರು.

ಆಮೇಲೂ ನಮ್ಮ ಮನೆಯಲ್ಲಿ ಯಾರಿಗೂ ಏನೂ ನೋಯಲಿಲ್ಲ. ಅಮ್ಮನ ಮಂಡಿ, ಅಪ್ಪನ ಬೆನ್ನು, ನನ್ನ ಹಲ್ಲು ಎಲ್ಲವೂ ಸುಮ್ಮನಿದ್ದವು. ಅಜ್ಜನ ಆಶೀರ್ವಾದ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿದಳು. ಅವರು ನಾವು ಯಾವ ಎಣ್ಣೆ ಹಚ್ಚುತ್ತೇವೆಂದು ಕೇಳಿದರು. ಹೀಗೆ ಮೂರು ವರ್ಷ. ಅಪ್ಪನ ಕಿವಿಯೊಳಗೆ ಕೀವು ಕಟ್ಟಿದ್ದು ದಿಂಬು ಒದ್ದೆಯಾದ ಮೇಲೆ ತಿಳಿಯಿತು. ಹನ್ನೊಂದು ಗಂಟೆಗೆ ಬೆರಳಿಗೆ ಮುಳ್ಳು ಚುಚ್ಚುವುದು ನಿಂತುಹೋಗಿದ್ದನ್ನು ಯಾರೂ ಗಮನಿಸಲಿಲ್ಲ. ಒಂದು ದಿನ ಮುದ್ರಣಾಲಯದಲ್ಲಿ ಯಂತ್ರದವನು ನನ್ನ ಹಿಂದೆ ಬಂದು, ಸಾರ್, ನೀವು ನಡೆದಲ್ಲೆಲ್ಲ ಕೆಂಪಗಿದೆ, ಎಂದ. ಚಪ್ಪಲಿಯ ಅಟ್ಟೆ ದಾಟಿ ಗಾಜಿನ ಚೂರು ಅಂಗಾಲಿಗೆ ಇಳಿದಿತ್ತು. ಬಾಗಿಲಿನಿಂದ ನನ್ನ ಮೇಜಿನವರೆಗೆ ಹದಿನೇಳು ಹೆಜ್ಜೆ ಗುರುತುಗಳಿದ್ದವು. ನನಗೆ ಒಂದೂ ತಿಳಿದಿರಲಿಲ್ಲ.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ನೇರವಾಗಿ ಸರ್ವೇ ಕಚೇರಿಗೆ ಹೋದೆ. ದಾಕ್ಷಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಕೇಳುವ ಮೊದಲೇ ಹೇಳಿದಳು. ಮಾತ್ರೆ ಈಗ ಡಾಕ್ಟರದ್ದಲ್ಲ. ನೀರಿನ ಟ್ಯಾಂಕಿನ ಹಿಂದೆ ಸಿಗುತ್ತದೆ, ಹುಡುಗರು ಅದನ್ನು ತಂಪು ಎನ್ನುತ್ತಾರೆ. ಮೊದಲು ಸಾಕಾಗುತ್ತಿದ್ದಷ್ಟು ಈಗ ಸಾಕಾಗುವುದಿಲ್ಲ. ಮೂರು ತಿಂಗಳಿನಿಂದ ಅವಳಿಗೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾಗಿಲ್ಲ, ಜೊತೆಯವರು ಎಳೆದುಕೊಡುತ್ತಾರೆ.

"ಅಜ್ಜ ಹೋದ್ಮೇಲೆ ಯಾಕೆ ನಿಲ್ಸಲಿಲ್ಲ?" ಎಂದೆ.

"ನಿಲ್ಸಿದ್ದೆ ಅಣ್ಣ. ಹನ್ನೊಂದನೇ ದಿನದ ಕಾರ್ಯ ಆದ ವಾರ. ಮಧ್ಯಾಹ್ನದೊಳಗೆ ಅಮ್ಮ ಮೈಯೆಲ್ಲಾ ಮುರೀತಿದೆ ಅಂತ ಮಲ್ಕೊಂಡ್ಲು. ಅಪ್ಪ ಅಂಗಡಿ ಮುಚ್ಕೊಂಡು ಬಂದ್ರು. ನೀನು ಆಫೀಸಿಂದ ಬಂದು ಚಪ್ಪಲಿ ಬಿಡೋ ಮುಂಚೆನೇ, ಮನೇಲಿ ಮಾತ್ರೆ ಇಲ್ವೇನೇ ದಾಕ್ಷಿ ಅಂದೆ."

"ನಂಗೆ ನೆನಪಿಲ್ಲ."

"ನಂಗಿದೆ."

ಕೌಂಟರಿನಲ್ಲಿ ಸಮಯವನ್ನು ಎರಡು ಸಲ ಕೇಳುವ ನಾನು, ನನ್ನ ಮನೆಯಲ್ಲಿ ಮೂರು ವರ್ಷ ಒಂದು ಸಲವೂ ಏನನ್ನೂ ಕೇಳಿರಲಿಲ್ಲ. ಮುಂದಿನ ವಾರ ಟ್ಯಾಂಕಿನ ಹಿಂದೆ ಹೋಗಿ ಬಂದೆ. ಅಲ್ಲಿ ಕೂರುತ್ತಿದ್ದವರಲ್ಲಿ ಹತ್ತೊಂಬತ್ತು ಮಂದಿಯ ಹೆಸರು ಗೊತ್ತುಮಾಡಿಕೊಂಡೆ. ಎಲ್ಲರೂ ಹದಿನೆಂಟರಿಂದ ಇಪ್ಪತ್ತೈದರ ಒಳಗಿನವರು. ಹದಿನೈದು ಮಂದಿ ತಮ್ಮ ತಮ್ಮ ಮನೆಯ ನುಂಗುವವರು. ಆ ಪಟ್ಟಿಯನ್ನು ನಾನು ಪತ್ರಿಕೆಗೆ ಕೊಡಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಇಟ್ಟೆ.

ಬಿಡುತ್ತೇನೆ ಎಂದು ದಾಕ್ಷಿ ತಾನೇ ಹೇಳಿದಳು. ಉಳಿದ ಮಾತ್ರೆಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಅದೂ ಮೇಜಿನ ಖಾನೆಗೆ ಹೋಯಿತು. ಎಸೆಯಬೇಕಿತ್ತು, ಎಸೆಯಲಿಲ್ಲ. ನಮ್ಮೂರಿನ ಮುನೀರಾ ಡಾಕ್ಟರು ಮನೆಗೆ ಬಂದು ನಾಲ್ವರನ್ನೂ ಕೂರಿಸಿ ವಿವರಿಸಿದರು. ಒಂಬತ್ತು ದಿನ ಕಷ್ಟ, ಅದರಲ್ಲಿ ಮೂರರಿಂದ ಆರು ತೀರಾ ಕಷ್ಟ. ನೋವು ನಾಲ್ಕು ಪಾಲಾಗುತ್ತದೆ. ಆದರೆ ದೇಹಕ್ಕಾಗುವ ಅಪಾಯ ಪಾಲಾಗುವುದಿಲ್ಲ, ಅದನ್ನು ತಾವು ದಿನವೂ ಬಂದು ನೋಡುವುದಾಗಿ ಹೇಳಿದರು. ಇನ್ನೊಂದೂ ಪಾಲಾಗುವುದಿಲ್ಲ ಎಂದರು. ಬೇಕು ಅನ್ನಿಸುವುದು ಅವಳೊಬ್ಬಳಿಗೇ ಇರುತ್ತದೆ.

ಕಾಲಂನಲ್ಲಿ ಏನು ಹಾಕಬೇಕೆಂಬ ಪ್ರಶ್ನೆ ಬಂತು. ಅಮ್ಮ ಜ್ವರ ಎಂದು ಹಾಕಲು ಹೇಳಿದಳು. ನಾನು ಸುಳ್ಳು ಹಾಕುವುದಿಲ್ಲ ಎಂದೆ. ನಿಜ ಹಾಕಿದರೆ ನಾಳೆ ಈ ಹುಡುಗಿಯನ್ನು ಯಾರ ಒಲೆಗೆ ಕೊಡುವುದು ಎಂದು ಅಮ್ಮ ಕೇಳಿದಳು. ಕೊನೆಗೆ ಏನೂ ಹಾಕಲಿಲ್ಲ.

ಮೊದಲ ದಿನ ಆಕಳಿಕೆ, ಮೈ ಭಾರ. ಎರಡನೇ ದಿನ ಮೂಳೆಗಳೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ. ಮೂರನೇ ದಿನ ಅಮ್ಮ ಅಡುಗೆಮನೆಯ ನೆಲದ ಮೇಲೆ ಮಲಗಿ ಅಲ್ಲಿಂದಲೇ ಸಾರಿಗೆ ಉಪ್ಪು ಎಷ್ಟೆಂದು ಹೇಳುತ್ತಿದ್ದಳು. ದಾಕ್ಷಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾಲ್ಕನೇ ದಿನ ಮಧ್ಯಾಹ್ನ ನಾನು ಅಪ್ಪನ ಅಂಗಡಿಗೆ ಹೋದೆ. ಅಪ್ಪ ಕಣ್ಣಿಗೆ ಭೂತಗಾಜು ಹಾಕಿಕೊಂಡು ಒಂದು ಹೆಂಗಸರ ವಾಚಿನ ಮುಂದೆ ಕೂತಿದ್ದರು. ಚಿಮಟದ ತುದಿ ನಡುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು. ಆಮೇಲೆ ಎರಡೂ ಕೈ ನಡುಗಿದವು. ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗ್ ಒಂದು ತುಂಡಾಗಿ ಗಾಜಿನ ಮೇಲೆ ಬಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ, ಎಂದಷ್ಟೇ ಅಪ್ಪ ಹೇಳಿದರು.

ನಾನು ಕಚೇರಿಗೆ ಹೋಗಿ ಖಾನೆ ತೆರೆದೆ. ಮನೆ ತಲುಪಿದಾಗ ಮೂರು ಗಂಟೆ ನಲವತ್ತು ನಿಮಿಷ. ದಾಕ್ಷಿ ಅದೇ ಗೋಡೆಯ ಬಳಿ ಕೂತಿದ್ದಳು. ಅವಳ ಅಂಗೈ ಬಿಡಿಸಿ ಮಾತ್ರೆ ಇಟ್ಟೆ.

ಅವಳು ಅದನ್ನು ನೋಡಿದಳು. "ನಾನು ಕೇಳ್ಲಿಲ್ಲ ಅಣ್ಣ."

"ಅಪ್ಪನ ಕೈ ನಡುಗ್ತಿದೆ."

"ನಾನು ಕೇಳ್ಲಿಲ್ಲ. ಅದು ನಿಂಗೆ ನೆನಪಿರ್ಲಿ" ಎಂದು ನುಂಗಿದಳು.

ಇಪ್ಪತ್ತು ನಿಮಿಷದಲ್ಲಿ ನನ್ನ ಮೊಣಕಾಲು ತಣ್ಣಗಾಯಿತು. ಅಮ್ಮ ನೆಲದಿಂದ ಎದ್ದು ಉಪ್ಪಿಟ್ಟು ಮಾಡಿದಳು. ಅಪ್ಪ ಬಂದು ಕೈಕಾಲು ತೊಳೆದು, ಏನೂ ಕೇಳದೆ ಎರಡು ಸಲ ಹಾಕಿಸಿಕೊಂಡು ತಿಂದರು. ಉಪ್ಪಿಟ್ಟು ಚೆನ್ನಾಗಿತ್ತು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಆದರೆ ಅದು ಚೆನ್ನಾಗಿತ್ತು.

ಎರಡನೇ ಸಲ ಅವಳು ಬಿಡಲು ಹೊರಟಾಗ ಮೂರನೇ ದಿನ ಮಾತ್ರೆ ತಂದುಕೊಟ್ಟವಳು ಅಮ್ಮ. ಎಲ್ಲಿಂದ ತಂದಳೆಂದು ಹೇಳಲಿಲ್ಲ. ಆದರೆ ಅವಳ ಸೆರಗಿಗೆ ಟ್ಯಾಂಕಿನ ಹಿಂದಿನ ಮುಳ್ಳುಕಾಯಿ ಅಂಟಿದ್ದವು. ಮೂರನೇ ಸಲ ಅಪ್ಪ. ಹೀಗೆ ಎಂಟು ತಿಂಗಳಲ್ಲಿ ನಾವು ಮೂವರೂ ಒಂದೊಂದು ಸಲ ಸೋತೆವು. ದಾಕ್ಷಿಯನ್ನು ಯಾರೂ ಬೈಯಲಿಲ್ಲ. ಬೈಯಲು ಏನೂ ಇರಲಿಲ್ಲ.

ಏಪ್ರಿಲ್ ಮೊದಲ ಸೋಮವಾರ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅವಳು ಅಪ್ಪನನ್ನು ಮೂರು ಕಲ್ಲು ಕೇಳಿದಳು. ಒಲೆಯಿಂದ ಹೊರಗಾಗುವವರಿಗೆ ಮನೆಯ ಯಜಮಾನ ಮೂರು ಕಲ್ಲು ಕೊಡುವುದು ನಮ್ಮಲ್ಲಿ ಪದ್ಧತಿ. ಕೊಡುವುದು ಎಂದರೆ ಬೀದಿಗೆ ಎಸೆಯುವುದು. ಹಿಂದಿನ ವರ್ಷ ಊರಿನಲ್ಲಿ ತಂಪಿನ ಕಾರಣಕ್ಕೆ ಏಳು ಮಂದಿಗೆ ಕಲ್ಲು ಎಸೆದಿದ್ದರು. ನಾನು ಒಬ್ಬೊಬ್ಬರ ಬಗ್ಗೆಯೂ ವಿಚಾರಿಸಿ ನೋಡಿದ್ದೆ. ಇಬ್ಬರು ಊರು ಬಿಟ್ಟರು. ಇಬ್ಬರು ಇನ್ನೂ ಟ್ಯಾಂಕಿನ ಹಿಂದೆ ಇದ್ದಾರೆ. ಮೂವರು ತೀರಿಕೊಂಡರು. ಇಡೀ ನೋವು ಒಬ್ಬರಿಗೇ ಬಂದಾಗ ಅವರು ಮೊದಲಿಗಿಂತ ಹೆಚ್ಚು ನುಂಗಿದ್ದರು.

ಇದನ್ನು ನಾನು ಹೇಳಿದೆ. ಅಮ್ಮ ತಟ್ಟೆ ತಳ್ಳಿ, ನಾವು ನಿನ್ನ ಹೊರಗೆ ಹಾಕ್ತಿಲ್ಲವಲ್ಲೇ, ಎಂದು ಅತ್ತಳು.

"ನೀವು ಹಾಕ್ತಿಲ್ಲಮ್ಮ, ನಾನೇ ಹೋಗ್ತಿದೀನಿ. ನಿಮ್ಮ ಜೊತೆ ಇದ್ರೆ ನಂಗೆ ಬಿಡಕ್ಕಾಗಲ್ಲ. ನೀವು ಬಿಡಲ್ಲ" ಎಂದಳು ದಾಕ್ಷಿ.

ಹಳೆಯ ಸುಂಕದ ಕಟ್ಟೆಯ ಹಿಂದೆ ಖಾಲಿ ಬಿದ್ದಿದ್ದ ಒಂದು ಕೋಣೆ ಅವಳಿಗೆ ಸಿಕ್ಕಿತು. ಅವಳ ಯೋಚನೆ ಹೀಗಿತ್ತು: ಪಾಲು ಕಳಚಲು ಮೂರು ದಿನ ಬೇಕು. ಅಲ್ಲಿಯವರೆಗೆ ನುಂಗುತ್ತಲೇ ಇರುವುದು, ಮನೆಯವರಿಗೆ ಏನೂ ತಟ್ಟಬಾರದು. ಆಮೇಲೆ ಒಂದೇ ಸಲ ನಿಲ್ಲಿಸುವುದು. ಮುನೀರಾ ಡಾಕ್ಟರು ದಿನವೂ ಬರಲು ಒಪ್ಪಿದರು, ಆದರೆ ಒಂಟಿಯಾಗಿ ಬೇಡ ಎಂದರು. ಅಪ್ಪ ಕಲ್ಲುಗಳನ್ನು ಎಸೆಯಲಿಲ್ಲ. ಹಿತ್ತಲಲ್ಲಿ ಮೂರನ್ನು ಆರಿಸಿ, ತೊಳೆದು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಅವಳ ಕೋಣೆಯಲ್ಲಿ ತಾವೇ ಹೂಡಿ ಬಂದರು. ಪಾತ್ರೆ ಇಟ್ಟು ಅಲುಗುತ್ತದೆಯೇ ಎಂದು ನೋಡಿ, ಒಂದು ಕಲ್ಲಿನ ಕೆಳಗೆ ಕಾಗದ ಮಡಚಿ ಇಟ್ಟರಂತೆ.

ಅಂದು ಮಧ್ಯಾಹ್ನ ನಾನು ನನ್ನ ತಟ್ಟೆ ತೆಗೆದುಕೊಂಡು ಅಲ್ಲಿಗೆ ಹೋದೆ. ಅವಳು ಅನ್ನ ಬಸಿಯುತ್ತಿದ್ದಳು. ತಟ್ಟೆ ನೋಡಿಯೇ ಅರ್ಥಮಾಡಿಕೊಂಡಳು.

"ಹಾಕಲ್ಲ."

"ಒಬ್ಳೇ ಬೇಡ ಅಂದಿದಾರೆ ಡಾಕ್ಟ್ರು. ಇಬ್ಬರಾದ್ರೆ ಅರ್ಧ."

"ಅರ್ಧ ಅಂದ್ರೆ ಎಷ್ಟು ಗೊತ್ತಾ? ಕಾಲು ಭಾಗ ತಡ್ಕೊಳಕ್ಕಾಗ್ದೆ ನೀನೇ ಮೊದ್ಲು ತಂದ್ಕೊಟ್ಟೋನು. ಹೋಗಪ್ಪ, ಪ್ರೂಫ್ ನೋಡ್ಹೋಗು."

ನಾನು ಹೋದೆ. ಅವಳ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಕಚೇರಿಯಲ್ಲಿ ಕೂತು ಶುಕ್ರವಾರದ ಕಾಲಂಗೆ ಒಂದು ಸೂಚನೆ ಬರೆದೆ. ಬೇರೆಯವರನ್ನು ಕೇಳುವ ಪ್ರಶ್ನೆಗಳನ್ನೇ ನನ್ನನ್ನು ಕೇಳಿಕೊಂಡೆ, ಎರಡೆರಡು ಸಲ. 'ಸುಂಕದ ಕಟ್ಟೆ ಹಿಂದಿನ ಕೋಣೆ, ದಾಕ್ಷಾಯಿಣಿಯವರ ಒಲೆ. ಪಾಲು ಎರಡು. ಶುಕ್ರವಾರ ಬೆಳಿಗ್ಗೆ 6ರಿಂದ. ತಂಪು ಬಿಡುವುದು. ಒಂಬತ್ತು ದಿನ, ಹೆಚ್ಚೂ ಆಗಬಹುದು.' ನಮ್ಮ ಹಿರಿಯ ಉಪಸಂಪಾದಕರು ವಾಮನರಾಯರು, ಮೂವತ್ತು ವರ್ಷ ಆ ಕಾಲಂ ನೋಡಿದವರು. ಅವರು ಕನ್ನಡಕ ತೆಗೆದು ಅದನ್ನು ಓದಿದರು. ಈ ನೋವಿನ ಹೆಸರು ಇವತ್ತಿನವರೆಗೆ ಎರಡನೇ ಪುಟದಲ್ಲಿ ಬಂದಿಲ್ಲ ಎಂದರು. ಗೊತ್ತು ಎಂದೆ. ಅವಧಿಯ ಜಾಗದಲ್ಲಿ 'ಆಗಬಹುದು' ಎಂದು ಯಾರಾದರೂ ಬರೆದುಕೊಟ್ಟರೆ ನೀನೇ ವಾಪಸು ಕಳಿಸುತ್ತೀಯಲ್ಲ ಎಂದರು. ಅದೂ ಗೊತ್ತು ಎಂದೆ. ಅವರು ಸಹಿ ಹಾಕಿದರು.

ಮಂಗಳವಾರ ಬೆಳಿಗ್ಗೆ ಆ ಸೂಚನೆಯ ಪ್ರೂಫ್ ಪ್ರತಿಯನ್ನು ತಟ್ಟೆಯೊಳಗೆ ಇಟ್ಟುಕೊಂಡು ಮತ್ತೆ ಹೋದೆ. ದಾಕ್ಷಿ ನಿಂತೇ ಓದಿದಳು, ಆಮೇಲೆ ಕೂತು ಓದಿದಳು.

"ಅಮ್ಮ ನೋಡಿದ್ಲಾ?"

"ಶುಕ್ರವಾರ ಎಲ್ರ ಜೊತೆ ನೋಡ್ತಾಳೆ."

"ನಿನ್ನ ಹೆಸರೇ ಇಲ್ವಲ್ಲ ಇದ್ರಲ್ಲಿ."

"ಒಲೆ ನಿಂದು. ಪಾಲಿನವರ ಹೆಸರು ಹಾಕೋ ಪದ್ಧತಿ ಇಲ್ಲ."

ಅವಳು ನಕ್ಕಂತೆ ಮಾಡಿದಳು. ಕಾಗದವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ನನ್ನ ತಟ್ಟೆಗೆ ಅನ್ನ ಹಾಕಿದಳು. ಸಾರಿಗೆ ಉಪ್ಪು ಕಡಿಮೆಯಿತ್ತು. ತಟ್ಟೆ ಖಾಲಿ ಮಾಡಿದೆ.

ಗುರುವಾರ ಸಂಜೆ ಅಪ್ಪ ನೋಡಲು ಬಂದರು. ಅವರ ನಡಿಗೆ ಬದಲಾಗಿತ್ತು, ಸೊಂಟಕ್ಕೆ ಕೈಕೊಟ್ಟು ನಡೆಯುತ್ತಿದ್ದರು. ದಾಕ್ಷಿಯ ಪಾಲು ಕಳಚಿಕೊಂಡಿತ್ತು, ವರ್ಷಗಟ್ಟಲೆ ಮುಚ್ಚಿದ್ದ ಬೆನ್ನು ಅವರಿಗೆ ವಾಪಸು ಬಂದಿತ್ತು. ನಿಮ್ಮಮ್ಮನ ಮಂಡಿಯೂ ಬಂದಿದೆ, ಹಳೇ ಗುರುತಿನವರು ಬಂದಹಾಗಿದೆ, ತಡೆಯಬಹುದು, ಎಂದರು. ಹೊರಡುವಾಗ ದಾಕ್ಷಿ ಬಾಗಿಲಿನ ಬಳಿಯಿದ್ದ ತನ್ನ ಚಪ್ಪಲಿಯನ್ನೂ ನನ್ನ ಚಪ್ಪಲಿಯನ್ನೂ ಚೀಲಕ್ಕೆ ಹಾಕಿ ಅವರ ಸೈಕಲ್ಲಿಗೆ ನೇತುಹಾಕಿದಳು. ಒಂಬತ್ತು ದಿನ ಆದ ಮೇಲೆ ತನ್ನಿ ಎಂದಳು. ಕಚೇರಿಯಿಂದ ನಾನು ರಜೆ ತೆಗೆದುಕೊಂಡಿದ್ದೆ. ಚಪ್ಪಲಿ ಯಾಕೆ ಎಂದು ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಪತ್ರಿಕೆ ಬಂತು. ಹತ್ತು ಗಂಟೆಗೆ ಅಮ್ಮ ಬಂದು ಹೊಸ್ತಿಲ ಆಚೆಯೇ ನಿಂತಳು. ಬೀದಿಯಲ್ಲಿ ಏನಂದರು ಎಂದು ದಾಕ್ಷಿ ಕೇಳಿದಳು. ಏನಂತಾರೆ, ಕೆಲವರು ಬಾಗಿಲು ಹಾಕಿಕೊಂಡರು, ಒಬ್ಬಳು ಹುಳಿ ಕಳಿಸಿದಾಳೆ, ಬೇರೆ ಒಲೆದೇನೂ ನೀವು ತಿನ್ನಬಾರದಲ್ಲ ಅಂತ ನಾನೇ ತಿಂದೆ, ಎಂದಳು. ಅಂದೇ ಸಂಜೆ ಕೌಂಟರಿಗೆ ಒಬ್ಬ ತಾಯಿ ಬಂದು, ಆ ಥರದ್ದನ್ನೂ ಹಾಕ್ತೀರಂತಲ್ಲ, ಎಂದು ಮೆಲ್ಲಗೆ ವಿಚಾರಿಸಿ, ಹೆಸರು ಕೊಡದೆ ಹೋದಳೆಂದು ವಾಮನರಾಯರು ಆಮೇಲೆ ಹೇಳಿದರು.

ಅರ್ಧ ಎಂದರೆ ಎಷ್ಟು ಎಂಬುದು ನನಗೆ ಭಾನುವಾರ ತಿಳಿಯಿತು. ಕಾಲು ಪಾಲಿನಲ್ಲಿ ಮೂಳೆಯೊಳಗೆ ಬಟ್ಟೆ ಹಿಂಡಿದಂತೆ ಎಂದಿದ್ದೆ. ಅರ್ಧದಲ್ಲಿ ಹೋಲಿಕೆ ಯಾವುದೂ ಹೊಳೆಯುವುದಿಲ್ಲ, ಹುಡುಕಲು ಪುರಸೊತ್ತೂ ಇರುವುದಿಲ್ಲ. ಮೈಮೇಲಿನ ಬಟ್ಟೆಯೇ ಭಾರ. ನೀರು ಕುಡಿದರೆ ಗಂಟಲಿನಲ್ಲಿ ಅದರ ಅಂಚು ತಾಗುತ್ತದೆ. ಇಬ್ಬರೂ ಎದುರುಬದುರು ಗೋಡೆಗೆ ಒರಗಿ ಕೂತಿದ್ದೆವು. ಒಬ್ಬರಿಗೆ ಹಿಡಿದ ಸೆಳೆತ ಇನ್ನೊಬ್ಬರ ಕಾಲನ್ನೂ ಎಳೆಯುತ್ತಿತ್ತು. ಮುನೀರಾ ಡಾಕ್ಟರು ದಿನವೂ ಹನ್ನೊಂದಕ್ಕೆ ಬಂದು ಅವಳ ನಾಡಿ ನೋಡಿ, ನನ್ನ ಮುಖ ನೋಡಿ, ನಿಮಗೆ ಏನೂ ಆಗಿಲ್ಲ ಗೊತ್ತಲ್ಲ, ಎಂದು ಹೋಗುತ್ತಿದ್ದರು.

ಸೋಮವಾರ ನಾಲ್ಕನೇ ದಿನ. ಮಧ್ಯಾಹ್ನ ದಾಕ್ಷಿ ಗೋಡೆಯಿಂದ ತಲೆ ಎತ್ತಿದಳು.

"ಅಣ್ಣ, ಈ ಸಲ ನಾನೇ ಕೇಳ್ತಿದೀನಿ. ಹೋಗಿ ತಗೊಂಬಾ."

ನಾನು ಸೆಳೆತ ಹಿಡಿದ ಮೀನಖಂಡ ಉಜ್ಜಿಕೊಂಡೆ.

"ಒಂದೇ ಒಂದು. ನಿಂಗೂ ಬೇಕಾಗಿದೆ. ನನ್ನ ಮೇಲೆ ಹಾಕ್ಬೇಡ, ನಿಂಗೂ ಬೇಕು."

ಬೇಕು ಅನ್ನಿಸುವುದು ಪಾಲಾಗುವುದಿಲ್ಲ ಎಂದಿದ್ದರು ಡಾಕ್ಟರು. ಅದು ನಿಜ. ನನಗೆ ಬೇಕಾಗಿದ್ದದ್ದು ಮಾತ್ರೆಯಲ್ಲ, ಇದು ನಿಲ್ಲುವುದು. ಕೊನೆಗೆ ಎರಡೂ ಒಂದೇ ದಾರಿಗೆ ಬರುತ್ತವೆ. ಅಪ್ಪ ಕಟ್ಟಿಕೊಟ್ಟಿದ್ದ ಕೈಗಡಿಯಾರ ನೋಡಿದೆ. ಮೂರು ನಲವತ್ತು. ಟ್ಯಾಂಕು ಅಲ್ಲಿಂದ ಏಳು ನಿಮಿಷದ ದಾರಿ. ನಾನು ಎದ್ದೆ. ಇದನ್ನು ಮುಚ್ಚಿಡುವುದಿಲ್ಲ: ನಾನು ಎದ್ದು, ಬಾಗಿಲು ತೆರೆದು, ಹೊರಗೆ ಹೋದೆ. ಚಪ್ಪಲಿ ಇರಲಿಲ್ಲ. ಬರಿಗಾಲಿನಲ್ಲಿ ಬಂಡೆಯ ಮೇಲೆ ಇಳಿದೆ.

ಮೊದಲ ಐದಾರು ಹೆಜ್ಜೆಗೆ ಏನೂ ಅನಿಸಲಿಲ್ಲ. ಆಮೇಲೆ ಅಂಗಾಲು ಹತ್ತಿಕೊಂಡಿತು. ಮೂಳೆಯ ನೋವಿಗಿಂತ ಅದು ಬೇರೆಯಾಗಿತ್ತು. ಮೂಳೆಯ ನೋವು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಗುತ್ತಿರಲಿಲ್ಲ. ಇದು ಕಲ್ಲಿನಿಂದ ಬರುತ್ತಿತ್ತು. ಹನ್ನೆರಡು ಹೆಜ್ಜೆ. ಹದಿನೈದು. ಬೆರಳುಗಳ ಮೇಲೆ ನಡೆದೆ, ಹಿಮ್ಮಡಿಯ ಮೇಲೆ ನಡೆದೆ. ಇಪ್ಪತ್ತನಾಲ್ಕನೇ ಹೆಜ್ಜೆಯಲ್ಲಿ ಒಂದು ಕಾಲೆತ್ತಿ ನಿಂತೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಹಿಂದೆ ಕೋಣೆಯೊಳಗೆ ಪಾತ್ರೆ ಉರುಳಿದ ಸದ್ದಾಯಿತು.

"ಅಣ್ಣಾ, ಕಾಲು ಸುಡ್ತಿದೆ ಕಣೋ. ವಾಪಸ್ ಬಾ."

ತಿರುಗಿ ನೋಡಿದೆ. ನಾಲ್ಕು ದಿನದಿಂದ ಗೋಡೆ ಬಿಟ್ಟು ಏಳದಿದ್ದವಳು ಬಾಗಿಲ ಚೌಕಟ್ಟು ಹಿಡಿದು, ನೆರಳಿನಲ್ಲಿ ತಣ್ಣನೆಯ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಂತಿದ್ದಳು.

"ನೀನೇ ಹೋಗು ಅಂದೆಯಲ್ಲೇ."

"ಅಂದೆ. ಈಗ ಬಾ ಅಂತಿದೀನಿ. ಬೇಗ ಬಾ, ನನ್ನ ಕಾಲಾದ್ರೂ ಉಳೀಲಿ."

ಇಪ್ಪತ್ತನಾಲ್ಕು ಹೆಜ್ಜೆ ವಾಪಸು. ಅವಳು ಬಕೆಟ್ ಎಳೆದು ತಂದು ಇಟ್ಟಳು. ನಾನು ಕಾಲು ಅದ್ದಿದೆ. ಇಬ್ಬರಿಗೂ ಹಾಯೆನಿಸಿತು. ಈ ಪುಕ್ಕಲು ಪಾದ ಇಟ್ಟುಕೊಂಡು ಊರಿಗೆಲ್ಲ ನೋವು ಹಂಚುತ್ತೀಯಲ್ಲ ಎಂದು ಅವಳು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಅನ್ನಕ್ಕೆ ಇಟ್ಟಳು. ಗಂಟೆ ಮೂರು ಐವತ್ತೆರಡು. ಇನ್ನೂ ಐದು ದಿನ ಇತ್ತು. ಆರನೇ ದಿನ ಅವಳು ಮತ್ತೊಮ್ಮೆ ಕೇಳಿದಳು. ನಾನು ಬಕೆಟ್ಟನ್ನು ತೋರಿಸಿದೆ.

ಒಂಬತ್ತು ಎಂದು ಅಚ್ಚಾದದ್ದು ಹನ್ನೊಂದು ದಿನ ಆಯಿತು. ಶಿರೋನಾಮೆಯಿಲ್ಲದೆ ತಿದ್ದುಪಡಿ ಹಾಕಿದೆವು. ಅಪ್ಪ ಚಪ್ಪಲಿ ತಂದರು.

ಇದನ್ನು ಬರೆಯುವ ಹೊತ್ತಿಗೆ ನೂರ ಇಪ್ಪತ್ತಾರು ದಿನವಾಗಿದೆ. ಅವಳು ಬಿಟ್ಟಿದ್ದಾಳೆ ಎಂದು ನಾನು ಬರೆಯುವುದಿಲ್ಲ, ನೂರ ಇಪ್ಪತ್ತಾರು ದಿನ ಎಂದಷ್ಟೇ ಬರೆಯಬಲ್ಲೆ. ನಾನು ಇನ್ನೂ ಅವಳ ಒಲೆಯಲ್ಲೇ ಉಣ್ಣುತ್ತೇನೆ, ಉಪ್ಪು ಈಗ ಸರಿಯಾಗಿದೆ. ಕಾಲಂನಲ್ಲಿ ಆ ಹೆಸರಿನ ನೋವು ಆಮೇಲೆ ಆರು ಸಲ ಬಂದಿದೆ, ಆರು ಬೇರೆ ಬೇರೆ ಒಲೆಗಳಿಂದ. ಅಮ್ಮನ ಮಂಡಿಗೆ ಈಗ ನುಂಗುವವರಿಲ್ಲ, ಬಿಸಿನೀರಿನ ಚೀಲವಿದೆ.

ದಾಕ್ಷಿ ಮತ್ತೆ ಸರ್ವೇ ಕಚೇರಿಗೆ ಹೋಗುತ್ತಿದ್ದಾಳೆ. ಯಾರೂ ಅವಳಿಗೆ ಗೆರೆ ಎಳೆದುಕೊಡುವುದಿಲ್ಲ. ನಿನ್ನೆ ಬೆಳಿಗ್ಗೆ ನಾನು ಮೇಜಿನ ಬಳಿ ಪ್ರೂಫ್ ನೋಡುತ್ತಿದ್ದೆ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ನನ್ನ ಬಲಗೈ ತೋರುಬೆರಳಿಗೆ ಚುರುಕ್ ಎಂದು ಚುಚ್ಚಿತು. ಬೆರಳು ನೋಡಿದೆ. ರಕ್ತವಿರಲಿಲ್ಲ, ಗಾಯವಿರಲಿಲ್ಲ. ಅರ್ಧ ಪಾಲು ಎಂದರೆ ಇರುವೆಗಿಂತ ಸ್ವಲ್ಪ ಹೆಚ್ಚು. ಬೆರಳು ಕೊಡವಿ ಮುಂದಿನ ಸಾಲಿಗೆ ಹೋದೆ.